ಐದನೇ ಕಿಟಕಿ ಆದಮೇಲೆ

ಫೆಬ್ರವರಿ ೯

ಅಕ್ಕಾ,

ನೀರಿಗೆ ಅವಸರ ಇಲ್ಲ, ಅವಸರ ಏನಿದ್ದರೂ ನಲ್ಲಿ ಮುಂದೆ ನಿಂತವರಿಗೆ ಎಂದು ನೀವು ಒಮ್ಮೆ ಅಂದಿದ್ದಿರಿ. ಅಥವಾ ಅದಕ್ಕೆ ಹತ್ತಿರದ ಇನ್ನೇನೋ. ಆ ಮಾತಿಗೆ ಎರಡನೆಯ ಅರ್ಧ ಒಂದಿತ್ತು. ಬೆಳಿಗ್ಗೆಯಿಂದ ಅದು ನೆನಪಾಗದೆ ಕೂತಿದ್ದೇನೆ. ಮಾತು ಮುಗಿದಾಗ ನೀವು ಪೆನ್ಸಿಲಿನ ಹಿಂಬದಿಯಿಂದ ಮೇಜಿಗೆ ಎರಡು ಸಲ ಕುಟ್ಟಿದಿರಿ, ಕುಟ್ಟಿದ್ದು ನೆನಪಿದೆ.

ನೀವು ಹೋಗಿ ನಾಲ್ಕು ತಿಂಗಳಾಯಿತು. ನಾನು ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಫೋನು ಮಾಡಿದೆ, ನೀವು ಎತ್ತಲಿಲ್ಲ. ಇವತ್ತು ಬರೆಯುತ್ತಿರುವುದು ಕೆಲಸದ ಮೇಲೆ. ಹಾಗೆ ಹೇಳಿಬಿಟ್ಟರೆ ನಿಮಗೆ ಓದಲು ಸುಲಭವಾಗಬಹುದು ಅಂದುಕೊಂಡೆ.

ಹನ್ನೊಂದು ವರ್ಷ ನಾವಿಬ್ಬರೂ ಬೆಳಿಗ್ಗೆ ಆರಕ್ಕೆ ಕಂಟ್ರೋಲ್ ರೂಮಿನಲ್ಲಿ ಕೂತು ಸ್ಕ್ರೀನಿನ ಮೇಲೆ ಆರು ಕರಿ ಕಿಟಕಿ ತೆರೆಯುತ್ತಿದ್ದೆವು. ಮೇಲೆ ಮೂರು, ಕೆಳಗೆ ಮೂರು; ಒಂದೊಂದು ಪಂಪ್‌ಹೌಸಿಗೆ ಒಂದೊಂದು ಟರ್ಮಿನಲ್. ನೀವು ರಿಜಿಸ್ಟರು ನೋಡಿ ಕಮಾಂಡು ಓದುತ್ತಿದ್ದಿರಿ, ನಾನು ಟೈಪು ಮಾಡುತ್ತಿದ್ದೆ. ಆಫೀಸಿನವರು ನಮಗೆ ಬಾಯಿ, ಬೆರಳು ಎಂದು ಹೆಸರಿಟ್ಟಿದ್ದರು. ಈಗ ಅಷ್ಟನ್ನೂ ನಾನು ಬರೆದ ಸ್ಕ್ರಿಪ್ಟು ಮಾಡುತ್ತದೆ. ಒಂದು ಸಾಲು ಹೊಡೆದು ಎಂಟರ್ ಒತ್ತಿದರೆ ಆರೂ ಕಿಟಕಿ ತಾವೇ ತೆರೆದುಕೊಳ್ಳುತ್ತವೆ, ಅದರದರ ಕಮಾಂಡು ಅದರದರೊಳಗೆ ಹೋಗಿ ಕೂರುತ್ತದೆ. ಒಟ್ಟು ಹನ್ನೊಂದು ಸೆಕೆಂಡು. ಸಾಹೇಬರು ಬಂದವರನ್ನೆಲ್ಲ ಕರೆತಂದು ತೋರಿಸುತ್ತಾರೆ.

ಆದರೆ ಕಳೆದ ತಿಂಗಳು ಲಾಂಡ್ರಿ ಬೀದಿಯ ಇಳಿಜಾರಿನಲ್ಲಿ ಮೇನ್ ಪೈಪು ಒಡೆಯಿತು. ಸರಿಮಾಡಿಸಿದರು. ಮೊನ್ನೆ ಅಲ್ಲಿಂದ ಹತ್ತು ಮಾರು ಕೆಳಗೆ ಮತ್ತೆ ಒಡೆಯಿತು. ನಮ್ಮ ಕಾಲದಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. ಹಳೆಯ ರಿಜಿಸ್ಟರು ತೆಗೆದು ನೋಡಿದೆ. ಒಂದನೆಯ ಪಂಪು ಆರು ಗಂಟೆಗೆ, ಆರನೆಯದು ಆರೂ ಹತ್ತಕ್ಕೆ, ದಿನವೂ ಹಾಗೇ. ನಡುವಿನ ನಾಲ್ಕಕ್ಕೆ ನೀವು ಬರೀ ಟಿಕ್ ಹಾಕಿದ್ದೀರಿ, ಹೊತ್ತು ಬರೆದಿಲ್ಲ. ಸ್ಕ್ರಿಪ್ಟು ಬರೆಯುವಾಗ ಆ ಹತ್ತು ನಿಮಿಷವನ್ನು ನಾನು ಹರಟೆ ಎಂದು ಬಿಟ್ಟುಬಿಟ್ಟಿದ್ದೆ.

ಒಂದು ಕಿಟಕಿಗೂ ಮುಂದಿನದಕ್ಕೂ ನಡುವೆ ಎಷ್ಟೆಷ್ಟು ಸೆಕೆಂಡು ಬಿಡುತ್ತಿದ್ದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಐದು ಅಂಕಿ ಸಾಕು.

ಇಂತಿ,
ಬೆರಳು


ಫೆಬ್ರವರಿ ೨೧

ತಮ್ಮಾ,

ನನಗೆ ಬರೆಯೋ ಭಾಷೆ ಬರೋದಿಲ್ಲ, ಮಾತಾಡಿದ ಹಾಗೇ ಬರೀತೀನಿ.

ಐದು ಅಂಕಿ ಸಾಕು ಅಂದಿದ್ದೀಯ. ನಾನು ಯಾವತ್ತಾದ್ರೂ ಸೆಕೆಂಡು ಎಣಿಸಿದ್ದು ನೋಡಿದ್ದೀಯಾ? ನನ್ನ ಕೈಗಡಿಯಾರ ನಿಂತು ಆರು ವರ್ಷ ಆಗಿತ್ತು. ಪಟ್ಟಿ ಚೆನ್ನಾಗಿದೆ ಅಂತ ಕಟ್ಕೋತಿದ್ದೆ.

ಫೋನ್ ಎತ್ತಲ್ಲ. ನಿನ್ನ ದನಿ ಕೇಳಿದ್ರೆ ಅರ್ಧ ನಿಮಿಷದಲ್ಲಿ 'ಹೋಗ್ಲಿ ಬಿಡೋ' ಅಂದುಬಿಡ್ತೀನಿ. ಕಾಗದದಲ್ಲಾದ್ರೆ ಸಿಟ್ಟು ಇಟ್ಕೊಂಡಿರಬಹುದು. ಅದಕ್ಕೇ ಬರಿ.

ಆ ಸೋಮವಾರ ನಾನು ಕರಿ ಕನ್ನಡಕ ಹಾಕ್ಕೊಂಡು, ಕಣ್ಣಿನ ಆಪರೇಷನ್ ಮುಗಿಸಿ ಹದಿನೈದು ದಿನದ ಮೇಲೆ ಬಂದೆ. ಬಂದರೆ ಆರೂ ಕಿಟಕಿ ಆಗಲೇ ತೆರೆದಿದೆ. ಆರು ಗಂಟೆ ಆಗಿ ಒಂದು ನಿಮಿಷಾನೂ ಆಗಿಲ್ಲ. ನನ್ನ ಕಣ್ಣೇ ಸರಿ ಇಲ್ಲವೇನೋ ಅಂದುಕೊಂಡೆ. ಮುಂದಿನ ವಾರ ನನ್ನನ್ನ ರೆಕಾರ್ಡು ಕೋಣೆಗೆ ಹಾಕಿದ್ರು, ಕುರ್ಚಿ ಸಮೇತ. ಆ ಧೂಳಲ್ಲಿ ಹೊಸ ಕಣ್ಣು ಇಟ್ಕೊಂಡು ಎರಡು ವಾರ ಕೂತೆ. ಆಮೇಲೆ ರಾಜೀನಾಮೆ ಬರೆದುಕೊಟ್ಟೆ.

ಒಂದು ಮಾತು ಹೇಳಬಹುದಿತ್ತು ನೀನು.

ಪೈಪು ಒಡೆದಿದ್ದಕ್ಕೆ ಬೇಜಾರಾಯ್ತು. ಆ ಬೀದಿಯವರು ಒಣಗಲು ಹಾಕಿದ ಬಟ್ಟೆ ಎಲ್ಲ ಕೆಸರಾಗಿರಬೇಕು.

ಹಿಂದಿನ ಬಾಯಿ


ಮಾರ್ಚ್ ೪

ಅಕ್ಕಾ,

ಕೆಸರಾಗಿತ್ತು. ಒಬ್ಬಾಕೆ ನನ್ನನ್ನು ಆಫೀಸಿನವನೆಂದು ಗುರುತು ಹಿಡಿದು ಒಂದು ಬಿಳಿ ಹಾಸಿಗೆಬಟ್ಟೆಯನ್ನು ನನ್ನ ಮುಂದೆ ಹಿಡಿದಳು. ಎರಡು ಕೈಯಲ್ಲಿ ಬಿಡಿಸಿ ಹಿಡಿದಳು, ಅಷ್ಟೇ.

ನೀವು ರಜೆ ಹಾಕಿದಾಗ ಇಬ್ಬರ ಕೆಲಸ ನನ್ನೊಬ್ಬನ ಮೇಲೆ ಬಿತ್ತು. ಕಮಾಂಡು ನಾನೇ ಓದಿಕೊಂಡು ನಾನೇ ಟೈಪು ಮಾಡಬೇಕಿತ್ತು. ಕಣ್ಣು ರಿಜಿಸ್ಟರಿಗೆ ಹೋದರೆ ಬೆರಳು ತಪ್ಪುತ್ತಿತ್ತು. ಮೂರನೆಯ ದಿನ ನಾಲ್ಕನೆಯ ಕಿಟಕಿಯ ಕಮಾಂಡನ್ನು ಐದನೆಯದರಲ್ಲಿ ಹೊಡೆದೆ. ಅವತ್ತು ಮಧ್ಯಾಹ್ನ ಕೂತು ಸ್ಕ್ರಿಪ್ಟು ಬರೆದೆ. ನೀವು ಬರುವವರೆಗೆ ಮಾತ್ರ ಎಂದುಕೊಂಡೇ ಬರೆದದ್ದು. ಮೊದಲ ಸಲ ಅದು ಓಡಿದಾಗ, ಆರು ಕಿಟಕಿಗಳು ಒಂದರ ಹಿಂದೆ ಒಂದು ಯಾರೂ ಮುಟ್ಟದೆ ತೆರೆದುಕೊಂಡಾಗ, ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ. ತೋರಿಸಲು ಪಕ್ಕಕ್ಕೆ ತಿರುಗಿದೆ. ಬಾಗಿಲಲ್ಲಿ ಸಾಹೇಬರು ನಿಂತಿದ್ದರು.

ಆ ಸೋಮವಾರ ನೀವು ಒಳಗೆ ಬರುತ್ತಲೇ 'ಏನಪ್ಪಾ ಹೊಸದು?' ಅಂದಿರಿ. ನಾನು 'ಏನಿಲ್ಲ' ಅಂದೆ. ಮರುದಿನವೂ ಹೇಳಬಹುದಿತ್ತು. ಆ ವಾರ ನಿಮ್ಮ ಕರಿ ಕನ್ನಡಕದೊಳಗೆ ಏನಿದೆ ಎಂದು ಕಾಣುತ್ತಿರಲಿಲ್ಲ. ಇದು ನೆಪ ಎಂದು ಬರೆಯುವಾಗಲೇ ಗೊತ್ತಾಗುತ್ತಿದೆ.

ನಿನ್ನೆ ಸಾಹೇಬರು ಕರೆದರು. 'ಏಪ್ರಿಲ್ ಮುಗಿಯೋದರೊಳಗೆ ಸರಿಮಾಡ್ರಿ. ಇನ್ನೊಂದು ಸಲ ಒಡೆದ್ರೆ ನೀವೂ ರೆಕಾರ್ಡು ಕೋಣೆಗೇ' ಎಂದರು. ನಕ್ಕರು ಕೂಡ. ಅಲ್ಲಿ ಈಗ ನಿಮ್ಮ ಕುರ್ಚಿ ಖಾಲಿ ಇದೆಯಂತೆ.

ನಾನೇ ಅಂದಾಜಿನ ಮೇಲೆ ಬಿಡುವು ಹಾಕಿ ನೋಡಿದೆ. ಎಲ್ಲದಕ್ಕೂ ಒಂದೇ ಅಳತೆ ಕೊಟ್ಟರೆ ಮೇಲಿನ ಬೀದಿಗಳಿಗೆ ನೀರು ಏರುವುದಿಲ್ಲ, ಇಲ್ಲವೇ ಕೆಳಗಿನ ಪೈಪು ಗಡಗಡ ಅನ್ನುತ್ತದೆ. ಅದಕ್ಕೇನೋ ಬೇರೆ ಲೆಕ್ಕ ಇರಬೇಕು. ನಿಮಗೆ ಗೊತ್ತಿತ್ತು.

ಇಂತಿ,
ಬೆರಳು


ಮಾರ್ಚ್ ೧೯

ತಮ್ಮಾ,

ಲೆಕ್ಕ ನನಗೂ ಗೊತ್ತಿಲ್ಲ. ಕತೆ ಗೊತ್ತು.

ನಾನು ಕೆಲಸಕ್ಕೆ ಸೇರಿದಾಗ ಆ ಕುರ್ಚಿಯಲ್ಲಿ ಒಬ್ಬ ಮುದುಕರಿದ್ರು. ಆಗ ಕಂಟ್ರೋಲ್ ರೂಮಿನ ನೆಲ ಹಲಗೆಯದು, ಅದರ ಕೆಳಗೇ ಮೇನ್ ಪೈಪು. ಒಂದು ಪಂಪು ಶುರುಮಾಡಿದ ಮೇಲೆ ಪೈಪಲ್ಲಿ ನೀರು ಗೊಳಗೊಳ ಅಂತ ಬರತ್ತೆ, ಆ ಸದ್ದು ಪೂರ್ತಿ ಅಡಗೋವರೆಗೆ ಮುಂದಿನದನ್ನ ಮುಟ್ಟಬೇಡಮ್ಮ ಅಂತ ಹೇಳಿಕೊಟ್ರು. ಬಂದ ನೀರು ಕೂತುಕೊಳ್ಳಲಿ, ಆಮೇಲೆ ಇನ್ನೊಬ್ಬರನ್ನ ಕರಿ ಅಂತಿದ್ರು. ಸುಮ್ಮನೆ ಕಾಯೋದು ಅಂದ್ರೆ ನನಗೆ ಆಗಲ್ಲ, ನಿನಗೆ ಗೊತ್ತು. ಮಾತಾಡ್ತಿದ್ದೆ. ಮುದುಕರು ಕಣ್ಣು ಮುಚ್ಕೊಂಡು ಕೇಳೋರು. ಸದ್ದು ನಿಲ್ಲೋದೂ ನನ್ನ ಮಾತು ಮುಗಿಯೋದೂ ಒಂದೇ ಆಗೋವರೆಗೆ ಮೂರು ವರ್ಷ ಹಿಡೀತು. ಆಮೇಲೆ ನೆಲಕ್ಕೆ ಸಿಮೆಂಟು ಹಾಕಿದ್ರು, ಸದ್ದು ಹೋಯ್ತು. ಮುದುಕರೂ ಹೋದ್ರು. ಮಾತು ಉಳೀತು. ನೀನು ಬಂದಾಗ ಉಳಿದಿದ್ದು ಅದೊಂದೇ.

ಮೊದಲನೇ ಕಿಟಕಿಗೂ ಎರಡನೇದಕ್ಕೂ ನಡುವೆ ನಾನು ಹೇಳ್ತಿದ್ದ ಅಳತೆಯ ಮಾತು ಒಂದು ಕೆಳಗೆ ಬರೆದಿದ್ದೀನಿ. ಒಬ್ಬನೇ ಕೂತು ಗಟ್ಟಿಯಾಗಿ ಓದು. ನನ್ನ ಹಾಗೆ ಓದಬೇಕು, ವಾರ್ತೆ ಓದಿದ ಹಾಗಲ್ಲ. ಗಡಿಯಾರ ನೋಡ್ಕೋ. ಪಂಪುಗಳಿಗೆ ನಾನಿಟ್ಟ ಹೆಸರು ಮರೆತಿಲ್ಲ ತಾನೇ, ಮೊದಲನೇದು ದೊಡ್ಡಪ್ಪ, ಎರಡನೇದು ಚಿಕ್ಕಮ್ಮ, ಆರನೇದು ಕೊನೇ ಸೊಸೆ.

"ಎದ್ನಾ ದೊಡ್ಡಪ್ಪ? ಏಳ್ತಾನೆ ಏಳ್ತಾನೆ, ವಯಸ್ಸಾಯ್ತಲ್ಲ, ಸೊಂಟ ಹಿಡ್ಕೊಂಡೇ ಏಳಬೇಕು. ಎರಡನೇದನ್ನ ಮುಟ್ಟಬೇಡ. ಚಿಕ್ಕಮ್ಮನಿಗೆ ಮೊದಲನೇ ಲೋಟ ದೊಡ್ಡಪ್ಪನ ಕೈಯಿಂದಾನೇ ಆಗಬೇಕು, ಇಲ್ದಿದ್ರೆ ದಿನವೆಲ್ಲ ಮುಖ ಊದಿಸ್ಕೊಂಡಿರ್ತಾಳೆ. ನಿನ್ನೆ ಬಸ್ಸಲ್ಲಿ ಏನಾಯ್ತು ಗೊತ್ತಾ? ಒಬ್ಬಳು ಪಕ್ಕದಲ್ಲಿ ಕೂತು ಇಡೀ ದಾರಿ ತನ್ನ ಸೊಸೆ ಮೇಲೆ ದೂರು. ಏಳಲ್ವಂತೆ, ತೊಳೆಯಲ್ವಂತೆ, ಕೇಳಿದ್ರೆ ಗುರ್ ಅಂತಾಳಂತೆ. ನಾನೂ ಹೂಂ ಹೂಂ ಅಂದೆ. ಇಳಿಯೋವಾಗ ಕೇಳಿದ್ಳು, ನಿಮ್ಮ ಸೊಸೆ ಹೇಗೆ ಅಂತ. ನನಗೆ ಮದುವೇನೇ ಆಗಿಲ್ಲ ಅಂದ್ರೆ ಪಾಪ ಅಷ್ಟು ಹೊತ್ತು ಹೇಳಿದ್ದು ದಂಡ ಅಂದ್ಕೋತಾಳೆ. ಚಿನ್ನದಂಥವಳು ಕಣ್ರೀ ಅಂದೆ. ಅವಳ ಮುಖ ನೋಡಬೇಕಿತ್ತು! ನಗಬೇಡ್ವೋ, ತಪ್ಪು ಟೈಪಾಗತ್ತೆ. ಮನೆಗೆ ಹೋದ ಮೇಲೂ ನನ್ನ ಆ ಇಲ್ಲದ ಸೊಸೆ ತಲೆಯಿಂದ ಹೋಗ್ಲಿಲ್ಲ, ಎಷ್ಟು ಒಳ್ಳೆಯವಳು ಅಂತೀಯ. ಹಾಂ. ಸಾಕು. ಚಿಕ್ಕಮ್ಮನನ್ನ ಎಬ್ಬಿಸು."

ಇದನ್ನ ಬರೆಯೋವಾಗ ನಗು ಬಂತು, ಅದಕ್ಕೆ ಸಿಟ್ಟೂ ಬಂತು. ಕೆಳಗೆ ಅಕ್ಕನ ಮಗಳ ಹೊಲಿಗೆ ಅಂಗಡಿ. ಮೂರು ಮೆಷಿನ್ನು ಒಟ್ಟಿಗೆ ಓಡತ್ತೆ, ನಾನು ಮೇಲಿನ ಕೋಣೆಯಲ್ಲಿ ಏನು ಅಂದ್ರೂ ಯಾರಿಗೂ ಕೇಳಲ್ಲ. ಉಳಿದಿದ್ದು ಒಂದೊಂದಾಗಿ ಬರೆದು ಕಳಿಸ್ತೀನಿ.

ಬಾಯಿ


ಏಪ್ರಿಲ್ ೩

ಅಕ್ಕಾ,

ನಿಮ್ಮ ನಾಲ್ಕೂ ಲಕೋಟೆ ಬಂದವು. ನಾಲ್ಕನ್ನೂ ಓದಿದೆ, ಗಟ್ಟಿಯಾಗಿ, ಬಾಗಿಲು ಹಾಕಿಕೊಂಡು.

ಮೊದಲ ದಿನ ವಾರ್ತೆ ಓದಿದ ಹಾಗೇ ಆಯಿತು: ಎಪ್ಪತ್ತೊಂದು ಸೆಕೆಂಡು. ಎರಡನೆಯ ದಿನ ನೀವು ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು ಓದಿದೆ. 'ಅವಳ ಮುಖ ನೋಡಬೇಕಿತ್ತು' ಆದಮೇಲೆ ನಾನು ನಗುತ್ತಿದ್ದೆ, ಅದನ್ನೂ ಸೇರಿಸಬೇಕು ಎಂದು ಹೊಳೆದದ್ದು ಮೂರನೆಯ ದಿನ. ನಗುವುದಕ್ಕೆ ನಾಲ್ಕು ಸೆಕೆಂಡು ಹಾಕಿದ್ದೇನೆ. ಸ್ಕ್ರಿಪ್ಟಿನಲ್ಲಿ 'ಸ್ಲೀಪ್' ಎಂದು ಬರೆದು ಮುಂದೆ ಅಂಕಿ ಕೊಟ್ಟರೆ ಅಷ್ಟು ಸೆಕೆಂಡು ಅದು ಏನೂ ಮಾಡದೆ ಇರುತ್ತದೆ. ಒಂದನೆಯ ಕಿಟಕಿಯ ಕೆಳಗೆ 'ಸ್ಲೀಪ್ ೧೦೪' ಬರೆದೆ.

ಅವತ್ತು ಗುಡಿಸುವಾಕೆ ಬಾಗಿಲು ತಳ್ಳಿಕೊಂಡು ಬಂದು, 'ಯಾರ ಜೊತೆ ಸಾರ್ ಮಾತು?' ಅಂದಳು. 'ಪೈಪಿನ ಜೊತೆ' ಅಂದೆ. 'ಅದಾದ್ರೂ ಕೇಳತ್ತಾ?' ಅಂದಳು. ಪೊರಕೆ ಹಿಡಿದು ನಿಜವಾಗಿ ಉತ್ತರಕ್ಕೆ ಕಾಯುತ್ತಿದ್ದಳು.

ಕೇಳುತ್ತದೆ. ನಾಲ್ಕು ಬಿಡುವು ಹಾಕಿದ ಮೇಲೆ ಐದನೆಯ ಪಂಪಿನವರೆಗೆ ಗಡಗಡ ನಿಂತಿದೆ. ಮೇಲಿನ ಬೀದಿಗೂ ನೀರು ಹೋಗುತ್ತಿದೆ. ಬಾಕಿ ಇರುವುದು ಕೊನೆಯದು ಒಂದೇ. ಐದಕ್ಕೂ ಆರಕ್ಕೂ ನಡುವಿನ ಮಾತು ನಿಮ್ಮ ಯಾವ ಲಕೋಟೆಯಲ್ಲೂ ಇಲ್ಲ. ಮರೆತಿರಬೇಕು.

ಸಾಹೇಬರು ಗಡುವು ಜ್ಞಾಪಿಸುತ್ತಿದ್ದಾರೆ. ನನಗೆ ಮಾತ್ರ ಈ ಕೆಲಸ ಇನ್ನೂ ಕೆಲವು ದಿನ ಮುಗಿಯದಿದ್ದರೆ ವಾಸಿ ಅನ್ನಿಸುತ್ತಿದೆ.

ಇಂತಿ,
ಬೆರಳು


ಏಪ್ರಿಲ್ ೧೨

ತಮ್ಮಾ,

ಮರೆತಿಲ್ಲ. ಅಲ್ಲಿ ನಾನು ಮಾತಾಡ್ತಿರಲಿಲ್ಲ.

ಐದನೇದು ಆದಮೇಲೆ ನಾನು ಕನ್ನಡಕ ತೆಗೆದು ಒರೆಸ್ಕೋತಿದ್ದೆ. ಆಗ ನೀನು ಶುರುಮಾಡ್ತಿದ್ದೆ. ನನ್ನ ಕಡೆ ತಿರುಗ್ತಿರಲಿಲ್ಲ, ಮುಖ ಸ್ಕ್ರೀನ್ ಕಡೆಗೇ. ಬೆರಳು ಕೀಬೋರ್ಡಿನ ಮೇಲೇ ಇಟ್ಕೊಂಡು ಮಾತಾಡ್ತಿದ್ದೆ. ದಿನಾ. ಹನ್ನೊಂದು ವರ್ಷ. ನೀನು ನಿಲ್ಲಿಸಿದಾಗ ನಾನು 'ಹೂಂ, ಕೊನೇ ಸೊಸೆಯನ್ನ ಎಬ್ಬಿಸು' ಅಂತಿದ್ದೆ. ನೀನೇ ಅಳತೆ ಅಲ್ಲಿ. ನಾನು ಕಲಿಸಿದ್ದಲ್ಲ, ನಿನಗೆ ತಾನಾಗೇ ಬಂತು.

ನಿನಗೆ ನಿಜವಾಗ್ಲೂ ಗೊತ್ತಿಲ್ವಾ? ನಾನು ನಿನ್ನ ಕಾಗದ ಮೂರು ಸಲ ಓದಿದೆ. ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆ.

ನಲ್ಲಿ ಮುಂದೆ ನಿಂತವರ ಮಾತಿಗೆ ಎರಡನೇ ಅರ್ಧ ಕೇಳಿದ್ದೆಯಲ್ಲ, ಆ ಮಾತು ಪೂರ್ತಿ ಹೇಳಿದ್ದೇ ನಾನಲ್ಲ, ನೀನು. ನಾನು ಬರೀ ಪೆನ್ಸಿಲ್ ಕುಟ್ಟಿದೆ.

ಈಗ ಕೇಳು. ಅಕ್ಕನ ಮಗಳು ಅಂಗಡಿ ಬೇರೆ ಊರಿಗೆ ಎತ್ತುತ್ತಿದ್ದಾಳೆ, ಮೇ ಮೊದಲ ವಾರ. ಅವಳ ಜೊತೆ ನಾನೂ, ಹಳೇ ಕತ್ತರಿ ಡಬ್ಬದ ಥರ. ಹೊಸ ವಿಳಾಸ ನಿನಗೆ ಕೊಡೋದೋ ಬೇಡವೋ ಅಂತ ಯೋಚಿಸ್ತಾ ಇದ್ದೀನಿ. ನೀನು ಹೇಳ್ತಿದ್ದಿದ್ರಲ್ಲಿ ಯಾವುದಾದ್ರೂ ಒಂದು, ಯಾವ ದಿನದ್ದಾದ್ರೂ ಸರಿ, ನೆನಪು ಮಾಡ್ಕೊಂಡು ಬರಿ. ಬರೆದ್ರೆ ಕೊಡ್ತೀನಿ.

ಬಾಯಿ


ಏಪ್ರಿಲ್ ೨೪

ಅಕ್ಕಾ,

ಅಂಕಿ ಸಿಕ್ಕಿತು. ಒಟ್ಟು ಹತ್ತು ನಿಮಿಷದಲ್ಲಿ ನಿಮ್ಮ ನಾಲ್ಕು ಬಿಡುವು ಕಳೆದರೆ ಉಳಿಯುವುದು ನೂರ ಎಂಬತ್ತು ಸೆಕೆಂಡು. ಆರನೆಯ ಪಂಪಿಗೆ ಅಷ್ಟು ಕೊಟ್ಟು ನೋಡಿದೆ, ಪೈಪು ಮಿಸುಕಲಿಲ್ಲ. ಸಾಹೇಬರು ಬೆನ್ನು ತಟ್ಟಿದರು. ರೆಕಾರ್ಡು ಕೋಣೆ ತಪ್ಪಿತು.

ಅಂದರೆ ನಾನು ದಿನವೂ ಮೂರು ನಿಮಿಷ ಮಾತಾಡುತ್ತಿದ್ದೆ. ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿ, 'ನೀವಾ? ಮೂರು ನಿಮಿಷಾನಾ?' ಎಂದು ಮಗಳನ್ನು ಕರೆದು ಅವಳಿಗೂ ಹೇಳಿಸಿದಳು. ಇಬ್ಬರೂ ಬಹಳ ಹೊತ್ತು ನಕ್ಕರು. ನಮ್ಮ ಮನೆಯಲ್ಲಿ ನನಗೆ 'ಗೋಡೆ' ಎಂದು ಹೆಸರು. ಅದು ನಿಮಗೆ ಗೊತ್ತಿರಲಾರದು, ಅಥವಾ ಅದನ್ನೂ ಹೇಳಿದ್ದೆನೋ.

ಹತ್ತು ದಿನ ಯೋಚಿಸಿದೆ. ಆ ಹೊತ್ತಿನದೆಂದರೆ ಸ್ಕ್ರೀನಿನ ಎಡಮೂಲೆಯ ಗೀರು, ನಿಮ್ಮ ಕನ್ನಡಕದ ಡಬ್ಬಿ ಮುಚ್ಚುವ ಸದ್ದು ಇಷ್ಟೇ ಬರುತ್ತದೆ. ನಾನು ಮಾತ್ರ ಬರುವುದಿಲ್ಲ. ಕೊನೆಗೆ ನಿನ್ನೆ ಬಸ್ಸಿಗೆ ಕಾಯುವಾಗ ಒಂದು ಬಂತು, ಇಡಿಯಾಗಿ ಬಂತು. ಕಂಟ್ರೋಲ್ ರೂಮಿನಲ್ಲಿ ಕೇಳಿದ ದನಿಯ ಸಮೇತ ಬಂತು, ಹಾಗಾಗಿ ಅದು ಅಲ್ಲಿಯದೇ.

ನಾನು ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನ ಹಿಂದೆ ಒಂದು ಖಾಲಿ ಡ್ರಮ್ಮಿನೊಳಗೆ ಅಡಗಿದೆ. ಒಳಗೆಲ್ಲ ನೀಲಿ. ಹೊರಗೆ ಹುಡುಕುವವರ ಕಾಲಿನ ಸದ್ದು ಎರಡು ಸಲ ಹತ್ತಿರ ಬಂದು ಹೋಯಿತು. ಗೆದ್ದೆ ಎಂದು ಬಾಯಿಗೆ ಕೈ ಒತ್ತಿಕೊಂಡು ಕೂತೆ. ಆಮೇಲೆ ಸದ್ದೇ ಇಲ್ಲ. ಎಲ್ಲರೂ ಆಟ ಬಿಟ್ಟು ಊಟಕ್ಕೆ ಹೋಗಿದ್ದರು. ಸಂಜೆ ನಾನೇ ಎದ್ದು ಮನೆಗೆ ಹೋದಾಗ ಅಮ್ಮ ತಲೆಯೆತ್ತದೆ, 'ಕೈ ತೊಳ್ಕೊಂಡು ಬಾ' ಅಂದಳು. ಮೊಣಕೈವರೆಗೆ ನೀಲಿಯಾಗಿತ್ತು, ಅವಳು ನೋಡಲಿಲ್ಲ. ಆಮೇಲೆ ಯಾರೂ ಹುಡುಕಿರಲಿಲ್ಲ ಎಂದು ಗೊತ್ತಾಗಬಾರದೆಂದು ನಾನು ಆಟ ಗೆದ್ದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಇದನ್ನು ಹೇಳಿದ್ದೆ, ಅಲ್ಲವೇ? ಓದಿ ನೋಡಿದೆ, ನಿಧಾನವಾಗಿ ಹೇಳಿದರೆ ಹೆಚ್ಚು ಕಡಿಮೆ ಅಳತೆಗೆ ಬರುತ್ತದೆ.

ವಿಳಾಸಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ,
ಬೆರಳು


ಮೇ ೨

ತಮ್ಮಾ,

ಸಾಮಾನು ಕಟ್ಟೋ ಮಧ್ಯೆ ಬರೀತಿದ್ದೀನಿ. ಕಾರ್ಡಿನಲ್ಲಿ ಜಾಗ ಕಡಿಮೆ.

ಆ ಡ್ರಮ್ಮು ನಂದು. ಬಣ್ಣದ ಶೆಡ್ಡು ನಮ್ಮಪ್ಪಂದು, ಕೈ ತೊಳ್ಕೊಂಡು ಬಾ ಅಂದಿದ್ದು ನಮ್ಮಮ್ಮ. ಮೂರನೇ ಕಿಟಕಿ ಆದಮೇಲೆ ನಾನು ಹೇಳಿದ್ದು, ಒಂದೇ ಸಲ, ನೀನು ಬಂದ ಮೊದಲನೇ ವರ್ಷ. ನಿಮ್ಮಪ್ಪ ಬಸ್ ಕಂಡಕ್ಟರು, ನಿಮ್ಮ ಮನೆಯಲ್ಲಿ ಬಣ್ಣದ ಡ್ರಮ್ಮು ಎಲ್ಲಿಂದ ಬರತ್ತೋ? ಅದನ್ನೂ ನೀನೇ ಹೇಳಿದ್ದು ನನಗೆ, ಐದನೇದಾದ ಮೇಲೆ.

ಅವತ್ತು ನೀನು ಕೇಳಿಸ್ಕೊಂಡೇ ಇಲ್ಲ ಅಂದುಕೊಂಡಿದ್ದೆ. ಟೈಪು ಮಾಡ್ತಾನೇ ಇದ್ದೆ.

ಲಾರಿ ಬಂತು.

ಬಾಯಿ


ಮೇ ೨೭

ಅಕ್ಕಾ,

ನಿಮ್ಮ ಕಾರ್ಡಿನಲ್ಲಿ ಹೊಸ ವಿಳಾಸ ಇರಲಿಲ್ಲ. ಜಾಗ ಸಾಲದೆ ಬಿಟ್ಟಿರೋ, ಬೇಡವೆಂದು ಬಿಟ್ಟಿರೋ ಎಂದು ಕಾರ್ಡನ್ನು ತಿರುಗಿಸಿ ನೋಡಿದೆ. ಎಡಗಡೆ ಎರಡು ಸಾಲಿನಷ್ಟು ಖಾಲಿ ಇದೆ. ಹಳೆಯ ವಿಳಾಸಕ್ಕೆ ಬರೆದದ್ದು 'ಇಲ್ಲಿ ಇಲ್ಲ' ಎಂದು ಗೀಚಿಸಿಕೊಂಡು ವಾಪಸು ಬಂತು. ಈ ಕಾಗದವನ್ನು ರಿಜಿಸ್ಟರಿನೊಳಗೆ ಇಡುತ್ತೇನೆ. ನಿಮ್ಮ ಟಿಕ್ಕುಗಳಿರುವ ಪುಟದಲ್ಲಿ.

ರೆಕಾರ್ಡು ಕೋಣೆಯಿಂದ ನಿಮ್ಮ ಕುರ್ಚಿ ತರಿಸಿದೆ. ಒಂದು ಕಾಲು ಸಡಿಲವಾಗಿತ್ತು, ಮೊಳೆ ಹೊಡೆಸಿದೆ. ಗುಡಿಸುವಾಕೆ ಬಂದಾಗ ಕೆಲವು ಸಲ ಅದರಲ್ಲಿ ಕೂತು ಕಾಲು ನೀವಿಕೊಳ್ಳುತ್ತಾಳೆ.

ಸ್ಕ್ರಿಪ್ಟು ಈಗ ಐದು ಕಿಟಕಿಯವರೆಗೆ ಓಡುತ್ತದೆ. ದೊಡ್ಡಪ್ಪ ಏಳುತ್ತಾನೆ, ನೂರ ನಾಲ್ಕು ಸೆಕೆಂಡು, ಚಿಕ್ಕಮ್ಮ ಏಳುತ್ತಾಳೆ. ಬಿಡುವುಗಳಲ್ಲಿ ಸ್ಕ್ರೀನಿನ ಮೇಲೆ ಏನೂ ಆಗುವುದಿಲ್ಲ. ನಾನು ನಿಮ್ಮ ಮಾತನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ. ಈಗ ಕಾಗದ ಬೇಡ. ನಗುವ ಜಾಗದಲ್ಲಿ ನಾಲ್ಕು ಸೆಕೆಂಡು ಸರಿಯಾಗಿ ಬರುತ್ತದೆ.

ಐದನೆಯದಾದ ಮೇಲೆ ಸ್ಕ್ರಿಪ್ಟು ಮುಗಿಯುವ ಹಾಗೆ ಬರೆದಿದ್ದೇನೆ. ಅಲ್ಲಿ 'ಸ್ಲೀಪ್ ೧೮೦' ಎಂದು ಒಂದು ಸಾಲು ಹಾಕಿದ್ದೆ. ಅದನ್ನು ಅಳಿಸಿದೆ. ಆರನೆಯದನ್ನು ಕೈಯಲ್ಲೇ ತೆರೆಯುತ್ತೇನೆ. ಸಾಹೇಬರು ನೋಡಿ, 'ಇದೊಂದು ಯಾಕ್ರೀ ಹಿಂಗೆ?' ಅಂದರು. 'ಹಳೇ ಮೆಷಿನ್ನು ಸಾರ್, ಅದಕ್ಕೆ ಯಾರಾದ್ರೂ ಕೂತಿರಬೇಕು' ಅಂದೆ.

ಕೂತಿರುತ್ತೇನೆ. ಮುಖ ಸ್ಕ್ರೀನಿನ ಕಡೆಗೆ, ಬೆರಳು ಕೀಬೋರ್ಡಿನ ಮೇಲೆ, ನೀವು ಹೇಳಿದ ಹಾಗೆಯೇ. ಮೂರು ನಿಮಿಷ ಬಹಳ ಉದ್ದ. ಬಾಯಿ ತೆರೆದೂ ನೋಡಿದ್ದೇನೆ. ಒಂದು ದಿನ 'ನಿನ್ನೆ' ಎಂದೆ. ಮುಂದೆ ಏನೂ ಬರಲಿಲ್ಲ. ನಿನ್ನೆ ಏನೂ ಆಗಿರಲಿಲ್ಲ. ಆಗೆಲ್ಲ ಏನಾದರೂ ಆಗುತ್ತಿತ್ತೇ ಅಥವಾ ಆಗದಿದ್ದದ್ದನ್ನೇ ಹೇಳುತ್ತಿದ್ದೆನೇ ತಿಳಿಯದು. ಮೂರು ನಿಮಿಷವಾದ ಮೇಲೆ ನಾನೇ 'ಹೂಂ' ಅನ್ನುತ್ತೇನೆ, ಕಮಾಂಡು ಹೊಡೆಯುತ್ತೇನೆ, ಕೊನೇ ಸೊಸೆ ಏಳುತ್ತಾಳೆ. ಮೇಲಿನ ಬೀದಿಗಳಲ್ಲಿ ನಲ್ಲಿ ತೆರೆದುಕೊಳ್ಳುತ್ತದೆ.

ಹನ್ನೊಂದು ವರ್ಷದ್ದು ನಿಮ್ಮ ಹತ್ತಿರ ಇದೆ. ನನ್ನ ಹತ್ತಿರ ಇರುವುದು ನಿಮ್ಮ ಡ್ರಮ್ಮು, ನಿಮ್ಮ ಸೊಸೆ, ನಿಮ್ಮ ಮುದುಕರು.

ಇಂತಿ ನಿಮ್ಮ,
ಬೆರಳು

ಅಕ್ಕಾ, ನಾನು ದಿನಾ ಏನು ಹೇಳುತ್ತಿದ್ದೆ?